ಒಂದೇ ಮರದಲ್ಲಿ ಮಾಡಬಹುದಿತ್ತಲ್ವಾ?

ಮಾಡಬಹುದಿತ್ತು. ಅಷ್ಟು ಸಾಕು ಅನ್ನುವವರು ಇಲ್ಲೇ ಎದ್ದು ಹೋಗಬಹುದು.

ನಾನು ಮರದ ಬಟ್ಟಲು ಮಾಡುತ್ತೇನೆ. ಸಣ್ಣ ಸಣ್ಣ ತುಂಡು ಕುಯ್ದು, ಬಳೆಯ ಹಾಗೆ ದುಂಡಗೆ ಅಂಟಿಸಿ, ಬಳೆಯ ಮೇಲೆ ಬಳೆ ಕೂರಿಸಿ, ಆಮೇಲೆ ಲೇತ್‌ಗೆ, ಅಂದರೆ ಮರವನ್ನು ತಿರುಗಿಸುವ ಯಂತ್ರಕ್ಕೆ, ಹಾಕಿ ಕಡೆಯುವುದು. ತಂಗಿಯ ಗೃಹಪ್ರವೇಶಕ್ಕೆ ಅಂಥದ್ದೊಂದು ಕೊಟ್ಟೆ. ಏಳು ಬಳೆ, ಬಳೆಗೆ 12 ತುಂಡು, ತಳಕ್ಕೆ ಒಂದು. ಒಟ್ಟು 85. ತೇಗ, ಹಲಸು, ನಡುವೆ ಹಳೇ ಮಂಚದ ಕಾಲಿನಿಂದ ತೆಗೆದ ಬೀಟೆಯ ಒಂದು ಸಾಲು. ದೊಡ್ಡಪ್ಪ ಅದನ್ನು ಎತ್ತಿಕೊಂಡು ತೆಂಗಿನಕಾಯಿ ತಟ್ಟುವ ಹಾಗೆ ತಟ್ಟಿ ನೋಡಿದರು. "ಒಂದೇ ಮರ ಸಿಗಲಿಲ್ವೇನೋ? ಚೂರುಪಾರೆಲ್ಲ ಜೋಡಿಸಿದೀಯ. ಚನ್ನಪಟ್ಟಣದವರು ಒಂದೇ ತುಂಡಲ್ಲಿ ಎಷ್ಟು ಚೆನ್ನಾಗಿ ಕಡೀತಾರೆ!" ನನ್ನ ಬಾಯಲ್ಲಿ ಹೋಳಿಗೆ ಇತ್ತು. ಬಚಾವಾದರು.

ದೊಡ್ಡಪ್ಪ, ಚನ್ನಪಟ್ಟಣದವರು ಆಲೆ ಮರದಲ್ಲಿ ಕಡೆಯುವುದು ಹೆಚ್ಚಾಗಿ ಬುಗುರಿ, ಗಿಲಕಿ, ಗೊಂಬೆ. ಅಂಗೈಯೊಳಗೆ ಹಿಡಿಸುವಂಥವು. ಅವರ ಕೈಚಳಕದ ಮುಂದೆ ನಾನು ಏನೂ ಅಲ್ಲ, ಒಪ್ಪಿದೆ. ಆದರೆ ಒಂದಡಿ ಅಗಲದ ಬಟ್ಟಲಿಗೆ ಅಷ್ಟೇ ಅಗಲದ ಒಣಗಿದ ತೇಗ ತರಲು ಸಾಮಿಲ್‌ಗೆ ನೀವೇ ಒಮ್ಮೆ ಹೋಗಿ ಬನ್ನಿ. ಹಸಿ ದಿಮ್ಮಿ ತಂದರೆ ಒಣಗುತ್ತಾ ಸೀಳುತ್ತದೆ. ಸೀಳದಿದ್ದರೂ ಮರ ನಾರಿನ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು, ಅಡ್ಡಕ್ಕೆ ಜಾಸ್ತಿ. ದುಂಡಗೆ ಕಡೆದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನನ್ನ ಬಳೆಯಲ್ಲಿ ನಾರು ಸುತ್ತಲೂ ಓಡುತ್ತದೆ. ಹಾಗಾಗಿ ದುಂಡು ದುಂಡಾಗಿಯೇ ಇರುತ್ತದೆ.

ಇನ್ನು "ಚೂರುಪಾರು". 12 ತುಂಡಿನ ಬಳೆಗೆ ಪ್ರತಿ ತುದಿಯನ್ನೂ 15 ಡಿಗ್ರಿಗೆ ಕುಯ್ಯಬೇಕು. ಒಟ್ಟು 24 ತುದಿ. ಒಂದೊಂದರಲ್ಲೂ ಕಾಲು ಡಿಗ್ರಿ ತಪ್ಪಿದರೆ ಬಳೆ ಮುಚ್ಚುವಾಗ 6 ಡಿಗ್ರಿ ತಪ್ಪಿರುತ್ತದೆ. ಅದಕ್ಕೇ ಮೊದಲು ಎರಡು ಅರ್ಧ ಬಳೆ ಅಂಟಿಸಿ, ಸೈಕಲ್ ಟ್ಯೂಬ್ ಬಿಗಿದು ಒಣಗಲು ಬಿಡುತ್ತೇನೆ. ಆಮೇಲೆ ಅವುಗಳ ತುದಿ ಉಜ್ಜಿ ಸಮ ಮಾಡಿ ಜೋಡಿಸುತ್ತೇನೆ. ತಪ್ಪೆಲ್ಲ ಆ ಎರಡು ಸಂದಿನಲ್ಲಿ ಸವೆದುಹೋಗುತ್ತದೆ. ಮೇಲಿನ ಬಳೆಯ ಸಂದು ಕೆಳಗಿನ ತುಂಡಿನ ನಡುವಿಗೆ ಬರಬೇಕು, ಇಟ್ಟಿಗೆ ಗೋಡೆಯ ಹಾಗೆ. ಗೋಡೆ ಕಟ್ಟಿದವರನ್ನು "ಒಂದೇ ಬಂಡೆ ಸಿಗಲಿಲ್ವಾ" ಅಂತ ಯಾರೂ ಕೇಳುವುದಿಲ್ಲ ನೋಡಿ.

ನಿಜ ಹೇಳಬೇಕೆಂದರೆ, "ಯಾವುದಾದರೂ ಒಡೀತಾ?" ಅಂತ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಒಬ್ಬರೂ ಕೇಳಿಲ್ಲ.

ಒಡೀತು. ನನ್ನ ಮೊದಲನೇ ಬಟ್ಟಲು. ಮಾರ್ಚ್ ತಿಂಗಳಲ್ಲಿ ಮಾಡಿದ್ದು, ಶಿವಮೊಗ್ಗದಲ್ಲಿ. ತಳಕ್ಕೆ ಆರು ಇಂಚಿನ ಒಂದೇ ಹಲಸಿನ ಹಲಗೆ ಕೂರಿಸಿ, ಸುತ್ತ ಬಳೆಗೆ ಗಟ್ಟಿಯಾಗಿ ಫೆವಿಕಾಲ್ ಹಾಕಿದ್ದೆ. ಜುಲೈನಲ್ಲಿ ಒಂದು ರಾತ್ರಿ ಶೋಕೇಸಿನಿಂದ ಟಪ್ ಅಂತ ಸದ್ದು. ಬೆಕ್ಕು ಅಂದುಕೊಂಡು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ನೋಡಿದರೆ ಬಳೆ ಬಾಯಿ ಬಿಟ್ಟಿದೆ. ಮಳೆಗಾಲದ ತೇವ ಕುಡಿದು ಹಲಗೆ ಅಡ್ಡಕ್ಕೆ ಉಬ್ಬಿತ್ತು. ಸುತ್ತಲಿನ ಬಳೆ ಅದರ ಜೊತೆ ಹಿಗ್ಗಲಿಲ್ಲ. ಒಂದು ಸಂದು ಸೋತಿತು.

ಹೌದು, ಒಡೆದದ್ದು ಬಟ್ಟಲಿನಲ್ಲಿದ್ದ ಒಂದೇ ಒಂದು ದೊಡ್ಡ ತುಂಡಿನಿಂದ. ಈಗ ತಳದ ಹಲಗೆಗೆ ಅಂಟು ಹಾಕುವುದಿಲ್ಲ. ಬಳೆಯ ಒಳಗೆ ಸುತ್ತಲೂ ಸಣ್ಣ ಕಾಲುವೆಯಂಥ ತೋಡು ಕೊರೆದು, ಉಬ್ಬಲು ಸುತ್ತ ಸ್ವಲ್ಪ ಜಾಗ ಬಿಟ್ಟು, ಸುಮ್ನೆ ಕೂರಿಸುತ್ತೇನೆ. ತಂಗಿಯ ಬಟ್ಟಲಿನ ತಳ ಹಾಗೇ ಇದೆ. ಎರಡು ಮಳೆಗಾಲ ಕಳೆದಿದೆ, ಅದರಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡಿದ್ದಾಳೆ.

ಒಡೆದ ಬಟ್ಟಲು ನನ್ನ ಮೇಜಿನ ಮೇಲಿದೆ, ಪೆನ್ಸಿಲ್ ಹಾಕಲು. ಮಳೆಗಾಲದಲ್ಲಿ ಅದರ ಬಿರುಕಿಗೆ ಒಂದು ರೂಪಾಯಿ ನಾಣ್ಯ ತೂರುತ್ತದೆ. ಈಗ ಜನವರಿ. ಪೋಸ್ಟ್ ಕಾರ್ಡ್ ತೂರಿಸಿ ನೋಡಿದೆ, ಅದೂ ಬಿಗಿ.