ಕಣದ ಕಾವಲಿಗೆ ಅಗಸ್ತ್ಯ

ಜನವರಿ 28, 2025, ಮಂಗಳವಾರ
ಚೇರಂಬಾಣೆ

ಈ ವಾರ ಕೊಯ್ದ ರೊಬಸ್ಟಾ ಕಾಫಿ ಎಲ್ಲ ಕಣದಲ್ಲಿದೆ. ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿ, ಚಿಕ್ಕಪ್ಪನ ಜೊತೆ ನಾನೂ ಕಾವಲಿಗೆ ಕೂತೆ. ಎಂಟಕ್ಕೆ ಹೋದ ಕರೆಂಟು ಬರಲೇ ಇಲ್ಲ. ನಾಳೆ ಅಮಾವಾಸ್ಯೆ ಬೇರೆ. ಬೈಯಬೇಕು ಅಂತ ತಲೆ ಎತ್ತಿದವನು ಬೈಯುವುದನ್ನು ಮರೆತೆ.

ದಕ್ಷಿಣಕ್ಕೆ ಸಿಲ್ವರ್ ಓಕ್ ಮರಗಳ ತಲೆಯ ಮೇಲೆ ಒಂದೇ ಒಂದು ದೊಡ್ಡ ಚುಕ್ಕಿ. "ಅದು ಯಾವುದಾ?" ಅಂದರು ಚಿಕ್ಕಪ್ಪ. ಅಗಸ್ತ್ಯ ನಕ್ಷತ್ರ, ಇಂಗ್ಲಿಷಿನ ಕ್ಯಾನೋಪಸ್, ಅಂದೆ. "ನಮ್ಮ ಕಾವೇರಿಯನ್ನು ಬಿಟ್ಟು ಸ್ನಾನಕ್ಕೆ ಹೋದವನಾ?" ಹೌದು, ಅವನೇ. ಒಂಟಿಯಾಗಿ ಬಿಡುವುದಿಲ್ಲ ಅಂತ ಮಾತು ಕೊಟ್ಟು, ಕಮಂಡಲದಲ್ಲಿ ಬಿಟ್ಟು ಸ್ನಾನಕ್ಕೆ ಹೋದ. ಅವಳು ಹರಿದು ಹೊರಟೇಬಿಟ್ಟಳು. ಚಿಕ್ಕಪ್ಪನಿಗೆ ಅವನ ಮೇಲೆ ಇನ್ನೂ ಸಿಟ್ಟಿದ್ದ ಹಾಗಿತ್ತು.

ಎಷ್ಟು ಎತ್ತರದಲ್ಲಿದೆ ಅಂತ ಅಳೆದೆವು. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಚಿಕ್ಕಪ್ಪನ ಮುಷ್ಟಿ, ಬೆರಳ ಸಂದಿಯಲ್ಲೆಲ್ಲ ಕಾಫಿ ಹಣ್ಣಿನ ಕರೆ, ಒಂದರ ಮೇಲೊಂದು ಏರಿ ಎರಡೂವರೆಗೆ ನಿಂತಿತು. ಆಗ ಹತ್ತೂಕಾಲು ಗಂಟೆ. ಕೊಡಗಿನಿಂದ ನೋಡಿದರೆ ಅಗಸ್ತ್ಯ ಏರುವುದೇ ಅಷ್ಟು, 25 ಡಿಗ್ರಿ. ದೆಹಲಿಯವರಿಗೆ ನೆಲಕ್ಕೆ ತಾಗಿದ ಹಾಗೆ ಕಾಣುತ್ತದೆ, ಪಾಪ.

ಅದರ ಮೇಲೆ ಲುಬ್ಧಕ, ಅಂದರೆ ಸಿರಿಯಸ್ ನಕ್ಷತ್ರ, ಇನ್ನೂ ಜೋರಾಗಿ ಹೊಳೆಯುತ್ತಿತ್ತು. "ಹಾಗಾದರೆ ಅದೇ ದೊಡ್ಡದಲ್ವಾ?" ಅಲ್ಲ. ಲುಬ್ಧಕ ನಮಗೆ ಪಕ್ಕದ ಮನೆ, 8.6 ಜ್ಯೋತಿರ್ವರ್ಷ, ಅಂದರೆ ಅದರ ಬೆಳಕು ನಮ್ಮನ್ನು ಮುಟ್ಟಲು 8.6 ವರ್ಷ ಬೇಕು. ಅಗಸ್ತ್ಯ ಇರುವುದು 310ರ ಆಸುಪಾಸು. ಅಷ್ಟು ದೂರದಿಂದಲೂ ಇಡೀ ರಾತ್ರಿ ಆಕಾಶದಲ್ಲಿ ಎರಡನೇ ಸ್ಥಾನ. ಮಹಾದೈತ್ಯ ನಕ್ಷತ್ರ ಅನ್ನುವುದು ಸುಮ್ನೆ ಅಲ್ಲ: ಅಗಲದಲ್ಲಿ ಸೂರ್ಯನ ಸುಮಾರು 70 ಪಟ್ಟು, ಬೆಳಕಿನಲ್ಲಿ 10,000 ಪಟ್ಟಿಗೂ ಜಾಸ್ತಿ.

"ಅಂದರೆ ಈಗ ಕಾಣುತ್ತಿರುವ ಬೆಳಕು ಕೊಡಗನ್ನು ಆಳಿದ ಹಾಲೇರಿ ದೊರೆ ದೊಡ್ಡ ವೀರಪ್ಪನ ಕಾಲದಲ್ಲಿ ಹೊರಟದ್ದು," ಅಂದೆ. ಚಿಕ್ಕಪ್ಪ ಬೀಡಿ ಆರಿಸಿ ಯೋಚನೆ ಮಾಡಿದರು. "ಪರವಾಗಿಲ್ಲ, ತಲುಪಿತಲ್ಲ. ನಮ್ಮ ಜಮ್ಮಾ ಜಾಗದ ಫೈಲು ಇನ್ನೂ ದಾರಿಯಲ್ಲೇ ಇದೆ."

ನೆತ್ತಿಯ ಹತ್ತಿರ ಮಂಗಳ ಕೆಂಪಗಿತ್ತು. 1964ರಲ್ಲಿ ಅಲ್ಲಿಗೆ ಹೊರಟ ಮ್ಯಾರಿನರ್ 4 ನೌಕೆ ದಿಕ್ಕು ತಪ್ಪದಿರಲು ನೋಡುತ್ತಿದ್ದದ್ದು ಸೂರ್ಯನನ್ನು ಮತ್ತು ಈ ಅಗಸ್ತ್ಯನನ್ನು. ಇದನ್ನು ಹೇಳುವಷ್ಟರಲ್ಲಿ ತೋಟದ ಕೆಳಗೆ ಕೊಂಬೆ ಮುರಿದ ಸದ್ದು. ಇಬ್ಬರೂ ಉಸಿರು ಹಿಡಿದು ಕೂತೆವು. ಆನೆಯೋ ಏನೋ, ಹತ್ತು ನಿಮಿಷ ಯಾವ ನಕ್ಷತ್ರವೂ ನೆನಪಾಗಲಿಲ್ಲ. ಮತ್ತೆ ಸದ್ದಿಲ್ಲ.

ಯಾವಾಗ ಕಣ್ಣು ಹತ್ತಿತೋ. ಹನ್ನೆರಡರ ಹೊತ್ತಿಗೆ ಚಿಕ್ಕಪ್ಪ ಕಾಲಲ್ಲಿ ತಿವಿದರು. ಚುಕ್ಕಿ ಒಂದು ಓಕ್ ಮರದ ಹಿಂದೆ ಸರಿದಿತ್ತು.

"ಏಳು ಮಾರಾಯ. ನಿನ್ನ ಅಗಸ್ತ್ಯ ಸ್ನಾನಕ್ಕೆ ಹೋದ. ಟಾರ್ಪಾಲಿನ ಮೂಲೆ ಎದ್ದಿದೆ, ಒಂದು ಕಲ್ಲಿಡು."