ದುಡ್ಡು ಕೊಟ್ಟು ಜನ ಇಟ್ಟಿರೋದು ಅಮ್ಮ ಅವರೆಕಾಳು ಹಿತುಕೋಕಾ?

ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ನಾನು ತರಬೇತಿ ಕೊಡುತ್ತೇನೆ. ಅವರನ್ನು ಕೆಲವರು ಕೇರ್‌ಟೇಕರ್ ಅಂತಾರೆ. ನರ್ಸಿಂಗ್ ಓದಿರದಿದ್ದರೂ ಹೋಮ್ ನರ್ಸ್ ಅನ್ನೋರೂ ಇದ್ದಾರೆ. ಅಜ್ಜಿಯರು ಮಾತ್ರ ‘ನಮ್ಮನೆ ಹುಡುಗಿ’ ಅಂತಲೇ ಕರೆಯೋದು. ಹುಡುಗಿ ಕೆಲಸಕ್ಕೆ ಸೇರಿ ವಾರ ಕಳೆಯುವುದರೊಳಗೆ ಮಗನದ್ದೋ ಸೊಸೆಯದ್ದೋ ಫೋನ್ ಬರುತ್ತೆ. ಬೆಂಗಳೂರಿನ ತ್ಯಾಗರಾಜನಗರದ ಮನೆಯೊಂದರಿಂದ ಬಂದ ಫೋನ್ ಹೀಗಿತ್ತು: “ಮೇಡಂ, ಅಷ್ಟೊಂದು ಸಂಬಳ ಕೊಡ್ತಿದ್ದೀವಿ. ಬಂದು ನೋಡಿದ್ರೆ ಅಮ್ಮ ಅವರೆಕಾಳು ಹಿತುಕ್ತಾ ಕೂತಿದ್ದಾರೆ, ಇವಳು ಪಕ್ಕದಲ್ಲಿ ಸುಮ್ನೆ ಕೂತಿದ್ದಾಳೆ. ಇದೇನಾ ನಿಮ್ಮ ಟ್ರೈನಿಂಗು?”

ಹೌದು, ಇದೇ ಟ್ರೈನಿಂಗು. ಅದರಲ್ಲೂ ಆ ‘ಸುಮ್ನೆ ಕೂರೋದು’ ಇದೆಯಲ್ಲ, ಅದನ್ನು ಕಲಿಸೋಕೇ ನನಗೆ ಜಾಸ್ತಿ ದಿನ ಬೇಕು.

ಮಾರನೇ ದಿನ ನಾನೇ ಆ ಮನೆಗೆ ಹೋದೆ. ಡಿಸೆಂಬರ್ ಬೆಳಗ್ಗೆ, ಮನೆ ತುಂಬ ಸೊಗಡಿನ ವಾಸನೆ. ಅಜ್ಜಿಗೆ ಮರೆವಿನ ಕಾಯಿಲೆ ಶುರುವಾಗಿದೆ. ನಾನು ಯಾರು ಅಂತ ನಾಲ್ಕು ಸಲ ಕೇಳಿದರು. ಆದರೆ ಕೈಗೆ ಯಾವ ಮರೆವೂ ಇಲ್ಲ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಟಣ್ ಅಂತ ಸ್ಟೀಲ್ ಬೇಸಿನ್‌ಗೆ ಹಾರುತ್ತಿತ್ತು. ನಡುವೆ ಒಮ್ಮೆ ಕೈ ನಿಂತಿತು. ಬೆರಳಲ್ಲಿದ್ದ ಸಿಪ್ಪೆಯನ್ನೇ ನೋಡುತ್ತಾ ಕೂತರು. ಹುಡುಗಿ ಬೇಸಿನ್ ಎಳೆದುಕೊಳ್ಳಲಿಲ್ಲ, ಏನಾಯ್ತು ಅಂತಲೂ ಕೇಳಲಿಲ್ಲ. ತುಟಿ ಅಲ್ಲಾಡಿಸದೆ ಎಣಿಸುತ್ತಿದ್ದಳು. ಹತ್ತರವರೆಗೆ ಎಣಿಸಬೇಕು ಅನ್ನೋದು ನಮ್ಮ ನಿಯಮ. ಏಳೋ ಎಂಟೋ ಆಗಿರಬೇಕು, ಅಜ್ಜಿ ಇನ್ನೊಂದು ಕಾಳು ತಗೊಂಡರು. “ಸಿಪ್ಪೆ ಬಿಸಾಕ್ಬೇಡ್ವೇ, ಎದುರುಮನೆ ಹಸುಗೆ ಹಾಕು” ಅಂದರು. ಎದುರುಮನೆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. “ಆಗ್ಲಿ ಅಜ್ಜಿ” ಅಂದಳು ಹುಡುಗಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ತಪ್ಪು ಮಾಡಿ. ಅಪ್ಪನಿಗೆ ಸ್ಟ್ರೋಕ್ ಆದಾಗ ಬಲಗೈ ಸ್ವಲ್ಪ ಸೋತಿತ್ತು. ಬೆಳಗ್ಗೆ ನನಗೆ ಬಸ್ಸಿನ ಅವಸರ. ಅವರು ಗುಂಡಿ ಹಾಕಿಕೊಳ್ಳೋಕೆ ಐದು ನಿಮಿಷ ತಗೊಂಡರೆ ನನಗೆ ತಡೆಯೋಕಾಗುತ್ತಿರಲಿಲ್ಲ, ನಾನೇ ಹಾಕಿಬಿಡುತ್ತಿದ್ದೆ. ಮೂರು ತಿಂಗಳಲ್ಲಿ ಏನಾಯಿತು ಅಂದರೆ, ನಾನು ಷರ್ಟು ಹಿಡಿದು ಬಂದರೆ ಸಾಕು, ಸ್ಕೂಲಿಗೆ ಹೊರಟ ಮಗುವಿನ ಹಾಗೆ ಎದೆ ಮುಂದೆ ಮಾಡಿ ನಿಲ್ಲುತ್ತಿದ್ದರು. ಆ ವರ್ಷ ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿಯನ್ನು ಮಾತ್ರ ಅದೇ ಬಲಗೈ ಸೇರಿಸಿ ಬಿಡಿಸಿ ತಿಂತಿದ್ದರು! ಗುಂಡಿ ಹಾಕೋ ಶಕ್ತಿ ಕೈಯಲ್ಲಿತ್ತು. ಆ ಅಭ್ಯಾಸ ಬಿಡಿಸಿದ್ದು ನಾನು.

ಜರ್ಮನಿಯ ಮನಶ್ಶಾಸ್ತ್ರಜ್ಞೆ ಮಾರ್ಗ್ರೆಟ್ ಬಾಲ್ಟೆಸ್ ವೃದ್ಧಾಶ್ರಮಗಳಲ್ಲಿ ಇದನ್ನೇ ಗಮನಿಸಿದ್ದರು. ಕೈಲಾಗದವರ ಹಾಗೆ ಕೂತರೆ ಸಿಬ್ಬಂದಿ ಬರುತ್ತಾರೆ, ಮಾತಾಡಿಸುತ್ತಾರೆ. ತಾವೇ ಮಾಡಿಕೊಂಡರೆ ಯಾರೂ ತಿರುಗಿ ನೋಡಲ್ಲ. ಒಂದು ಮಾತಿಗೆ ಕಾಯುತ್ತಾ ಕೂತಿರುವ ಮುದುಕರು ಯಾವ ದಾರಿ ಹಿಡಿಯುತ್ತಾರೆ, ನೀವೇ ಹೇಳಿ.

ಹಾಗಾಗಿ ತರಬೇತಿಯ ಮೊದಲ ದಿನ ನಾನು ಭಾಷಣ ಮಾಡಲ್ಲ. ಎಲ್ಲರಿಗೂ ತೋಟದ ಕೆಲಸದ ದಪ್ಪ ಗ್ಲೌಸ್ ಕೊಟ್ಟು ಷರ್ಟಿನ ಗುಂಡಿ ಹಾಕಿ ಅಂತೀನಿ. ಪಕ್ಕದಲ್ಲಿ ಒಬ್ಬರು ನಿಂತು “ಬಿಡಿ, ನಾನ್ ಹಾಕ್ತೀನಿ, ಬಿಡಿ” ಅಂತ ಕೈ ಹಾಕಬೇಕು. ಎರಡನೇ ಗುಂಡಿಗೆ ಬರುವಷ್ಟರಲ್ಲಿ ಅರ್ಧ ಜನ ಸಿಡುಕಿರುತ್ತಾರೆ. ಆಮೇಲೆ ಪಾಠ ಸುಲಭ. ಮೊದಲು ಕಾಯಬೇಕು. ಆಗದಿದ್ದರೆ “ಇದಾದ ಮೇಲೆ ಏನಜ್ಜಿ?” ಅಂತ ಕೇಳಬೇಕು. ಅದೂ ಆಗದಿದ್ದರೆ ಬೆರಳು ತೋರಿಸಬೇಕು, ಇಲ್ಲವೇ ಮೊದಲ ಗುಂಡಿ ಮಾತ್ರ ಹಾಕಿ ಕೈ ಬಿಡಬೇಕು. ಪೂರ್ತಿ ತಾನೇ ಮಾಡೋದು ಕಟ್ಟಕಡೆಗೆ. ಬಟ್ಟೆಗಳನ್ನು ಉಡುವ ಕ್ರಮದಲ್ಲೇ ಹಾಸಿಗೆ ಮೇಲಿಡಬೇಕು. ಬೀರು ತೆಗೆದು “ಯಾವ ಸೀರೆ?” ಅಂದರೆ ಅಜ್ಜಿ ಕಂಗಾಲಾಗುತ್ತಾರೆ. ಎರಡು ಸೀರೆ ಹಿಡಿದು “ಹಸಿರಾ, ನೀಲಿಯಾ?” ಅಂದರೆ ಆರಿಸುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ “ಅದೆಲ್ಲ ಸರಿ ಮೇಡಂ, ಮೆದುಳಿಗೆ ಯಾವುದಾದ್ರೂ ಒಳ್ಳೆ ಆಪ್ ಇದ್ರೆ ಹೇಳಿ” ಅಂತಾರೆ. ಮೆದುಳಿಗೆ ಅಭ್ಯಾಸ ಕೊಟ್ಟರೆ ಏನಾಗುತ್ತೆ ಅಂತ ನೋಡೋಕೆ ಅಮೆರಿಕದಲ್ಲಿ ‘ಆ್ಯಕ್ಟಿವ್’ ಅಂತ ಒಂದು ದೊಡ್ಡ ಅಧ್ಯಯನ ನಡೆದಿದೆ. 65 ದಾಟಿದ, ಮರೆವಿನ ಕಾಯಿಲೆ ಇಲ್ಲದ 2,832 ಜನ. ನೆನಪಿನ ಅಭ್ಯಾಸ ಮಾಡಿದವರಿಗೆ ನೆನಪಿನ ಪರೀಕ್ಷೆ ಚೆನ್ನಾಗಿ ಬಂತು, ಕಂಡದ್ದನ್ನು ಬೇಗ ಗುರುತಿಸುವ ವೇಗದ ಅಭ್ಯಾಸ ಮಾಡಿದವರಿಗೆ ವೇಗದ್ದು. ಒಂದರ ಲಾಭ ಇನ್ನೊಂದಕ್ಕೆ ದಾಟಲಿಲ್ಲ. 10 ವರ್ಷದ ನಂತರ, ಅಭ್ಯಾಸ ಮಾಡಿದವರು ದಿನದ ಕೆಲಸಗಳು ಉಳಿದವರಷ್ಟು ಕಷ್ಟ ಆಗ್ತಿಲ್ಲ ಅಂದರು, ಅದು ನಿಜ. ಅದಕ್ಕೇ ಆಪ್ ಬೇಡ ಅನ್ನಲ್ಲ. ಆದರೆ ಅಭ್ಯಾಸ ಮಾಡಿದ್ದೇ ಚುರುಕಾಗೋದಾದರೆ ಅಜ್ಜಿಗೆ ಬೇಕಾದ ಕೆಲಸವನ್ನೇ ಅಭ್ಯಾಸ ಮಾಡಿಸಬಹುದಲ್ವಾ? ಹಾಲಿನವನ ಲೆಕ್ಕ ಬರೆಯಲಿ. ಸಂಜೆ ಚೌಕಾಬಾರ ಹಾಸಿ, ಕವಡೆ ಎಣಿಸಲಿ.

ಆಪ್ ಹುಡುಕೋ ಮುಂಚೆ ಬೀರು ಹುಡುಕಿ. ಹಿಯರಿಂಗ್ ಏಡ್ ಅಲ್ಲೇ ಡಬ್ಬಿಯಲ್ಲಿರುತ್ತೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿ ಮರೆವಿನ ಕಾಯಿಲೆಗೆ ದಾರಿ ಮಾಡುವ, ನಾವು ಸರಿಪಡಿಸಬಹುದಾದ 14 ಕಾರಣ ಹೇಳುತ್ತೆ. ಕಿವಿ ಕೇಳದಿರೋದೂ, ಚಿಕಿತ್ಸೆ ಇಲ್ಲದೆ ಕಣ್ಣು ಮಂಜಾಗೋದೂ ಅದರಲ್ಲಿವೆ. ಇನ್ನು, ಬಂದವರೆಲ್ಲ “ನಾನ್ಯಾರು ಹೇಳಿ ನೋಡೋಣ” ಅಂತ ಪರೀಕ್ಷೆ ಮಾಡ್ತಾರಲ್ಲ, ದಯವಿಟ್ಟು ನಿಲ್ಲಿಸಿ. “ಅಜ್ಜಿ, ನಾನು ಜಯನಗರದ ಮೊಮ್ಮಗ ಬಂದೆ” ಅಂದರೆ ನಿಮ್ಮ ಗಂಟೇನು ಹೋಗುತ್ತೆ?

ಎಲ್ಲವನ್ನೂ ಅವರ ಕೈಗೇ ಬಿಡಿ ಅಂತಲೂ ಅಲ್ಲ. ಗ್ಯಾಸ್, ಒದ್ದೆ ಬಚ್ಚಲು, ಬಿಪಿ ಶುಗರ್ ಮಾತ್ರೆ, ಇವುಗಳ ಮೇಲೆ ಹುಡುಗಿಯ ಕಣ್ಣು ಇರಲೇಬೇಕು. ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ದಿಢೀರ್ ಅಂತ ಗೊಂದಲಕ್ಕೆ ಬಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಮೂತ್ರದ ಸೋಂಕಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಹೊಸ ಮಾತ್ರೆ ಹಿಡಿಸದಿರಬಹುದು. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ತ್ಯಾಗರಾಜನಗರದ ಮಗ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಈ ಸಲ ದನಿ ಸ್ವಲ್ಪ ಮೆತ್ತಗಿತ್ತು. “ಮೇಡಂ, ಅಮ್ಮ ಹಿತುಕಿದ್ದರಲ್ಲಿ ಕಾಲು ಭಾಗ ಸಿಪ್ಪೆ ಸಮೇತ ಇರುತ್ತೆ. ಸಾರಿಗೆ ಹಾಗೇ ಹಾಕೋದಾ?”

“ಅಮ್ಮ ಮಲಗಿದ ಮೇಲೆ ನೀವು ಇನ್ನೊಂದು ಸಲ ಹಿತುಕಿ” ಅಂದೆ.