ಸೈಕಲ್ಲಿನ ಪ್ರಶ್ನೆಗೆ ಇಂಗ್ಲಿಷಿನ ಉತ್ತರ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯಲ್ಲಿ ಮಾತಿನ ವಿಭಾಗದ ಮೊದಲ ಭಾಗ 4ರಿಂದ 5 ನಿಮಿಷಗಳದ್ದಾದ್ದರಿಂದ, ಬಾಲ್ಯದಲ್ಲಿ ಸೈಕಲ್ ತುಳಿಯುತ್ತಿದ್ದಿರಾ ಎಂಬ ಪ್ರಶ್ನೆಗೆ ಎರಡು ಮೂರು ವಾಕ್ಯ ಸಾಕೆಂದು ತಿಳಿದಿದ್ದರೂ, ನಾನು ಒಂದು ಪುಟದಷ್ಟು ಬರೆದು ಬಾಯಿಪಾಠ ಮಾಡಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಅದು ಮಾತಾಗಿರಲಿಲ್ಲ, ಓದಾಗಿತ್ತು. ಆಮೇಲೆ ಹಾಳೆಯನ್ನು ಮುಚ್ಚಿಟ್ಟು, ಸೀಟಿನಿಂದ ಕಾಲು ಎಟುಕದ ಕಾರಣ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದದ್ದನ್ನೂ, ಚೈನು ಕಳಚಿದಾಗ ಬೆರಳಿಗೆ ಮೆತ್ತುತ್ತಿದ್ದ ಕಪ್ಪು ಗ್ರೀಸನ್ನೂ ನೆನೆಯುತ್ತಾ ಹೇಳಿದೆ. ಹಿಂದಿನ ರೂಢಿಯನ್ನು ಹೇಳುವ ‘ಯೂಸ್ಡ್ ಟು’ ಎಂಬ ಪ್ರಯೋಗ ತಾನಾಗಿಯೇ ಬಾಯಿಗೆ ಬಂತು, ಅದೇ ನನಗೆ ದೊಡ್ಡ ಸಮಾಧಾನ. ಸೈಕಲ್ ಜನಪ್ರಿಯವೇ ಎಂಬ ಪ್ರಶ್ನೆಗೆ ಮಾತ್ರ ಕಾರಣ ಕೊಡಬೇಕಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು, ಏಕೆಂದರೆ ಅಲ್ಲಿ ನೆಲ ಸಮತಟ್ಟಾಗಿದೆ, ಸೈಕಲ್ಲಿಗೆಂದೇ ಪ್ರತ್ಯೇಕ ದಾರಿಗಳಿವೆ ಎಂದು ಹೇಳುವುದನ್ನು ಈಗ ದಿನವೂ ಅಭ್ಯಾಸ ಮಾಡುತ್ತಿದ್ದೇನೆ.